ಟ್ರೆಡ್‌ಮಿಲ್ ಮೇಲೆ ಕಣಕಾಲು ನೋಯುತ್ತಿದ್ದರೆ

ಏಪ್ರಿಲ್ ಬಂತೆಂದರೆ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಪ್ಪನ ಕೆರೆ ಸುತ್ತ ಓಡುತ್ತಿದ್ದವರು, ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ತಯಾರಾಗುವ ಹುಡುಗರು ಜಿಮ್ ಸೇರುತ್ತಾರೆ. ಎರಡು-ಮೂರು ವಾರದೊಳಗೆ ಎಷ್ಟೋ ಜನರಿಗೆ ಮೊಣಕಾಲಿಗೂ ಪಾದಕ್ಕೂ ನಡುವಿನ ಎಲುಬು, ಅಂದರೆ ಕಣಕಾಲು, ನೋಯತೊಡಗುತ್ತದೆ. ಎಣ್ಣೆ ತಿಕ್ಕಿ ಮತ್ತೆ ಬೆಲ್ಟ್ ಹತ್ತಬೇಡಿ. ಮೊದಲು ನೋವು ಎಲ್ಲಿದೆ ನೋಡಿ.

ಕುರ್ಚಿಯಲ್ಲಿ ಕೂತು, ಎಲುಬಿನ ಒಳ ಅಂಚಿನ ಗುಂಟ ಹೆಬ್ಬೆರಳು ಒತ್ತುತ್ತ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೂರು ಬೆರಳಗಲ, ಅಂದರೆ 5 ಸೆಂ.ಮೀ.ಗಿಂತ ಹೆಚ್ಚು ಉದ್ದಕ್ಕೆ ನೋವು ಹರಡಿದ್ದರೆ ಅದು ಸಾಮಾನ್ಯವಾಗಿ ಎಲುಬಿನ ಮೇಲೆ ಹೊರೆ ಹೆಚ್ಚಾದ ನೋವು, ಹತೋಟಿಗೆ ಬರುತ್ತದೆ. ನಾಣ್ಯದಷ್ಟೇ ಜಾಗದಲ್ಲಿ ಚುಚ್ಚಿದರೆ, ಮಲಗಿದಾಗಲೂ ನೋವಿದ್ದರೆ, ಎಲುಬು ಸಣ್ಣಗೆ ಬಿರುಕು ಬಿಟ್ಟಿರಬಹುದು. ಅಂದೇ ಓಟ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸಿ. ಇಂಥ ಬಿರುಕು ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಆದ್ದರಿಂದ ಎಕ್ಸ್‌ರೇ ಸರಿ ಇದೆ ಎಂಬ ಧೈರ್ಯದಲ್ಲಿ ಓಡಬಾರದು. ಓಡುವಾಗ ಕಾಲು ಬಿಗಿದು ಪಾದ ಜೋಮು ಹಿಡಿದರೂ ಡಾಕ್ಟರ್ ಬಳಿಗೇ ಹೋಗಿ.

ಹರಡಿದ ನೋವಿಗೆ ಎರಡು ವಾರ ಓಟ ಬಿಟ್ಟು ಸೈಕಲ್ ತುಳಿಯಿರಿ. ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ ಇಡಬಹುದು. ನೋವಿನ ಮಾತ್ರೆ ನುಂಗಿ ಓಡುವುದು ಮಾತ್ರ ಬೇಡವೇ ಬೇಡ.

ಎಡವಟ್ಟಾಗುವುದು ಹೆಜ್ಜೆಯಲ್ಲಿ. ದಣಿದರೂ ಬೆಲ್ಟ್ ನಿಧಾನವಾಗುವುದಿಲ್ಲ. ಅದಕ್ಕೆ ಸರಿಗಟ್ಟಲು ಕಾಲು ಮುಂದಕ್ಕೆ ಚಾಚುತ್ತೇವೆ, ಹಿಮ್ಮಡಿ ಮೊಣಕಾಲಿಗಿಂತ ಮುಂದೆ ಹೋಗಿ ಧಪ್ಪೆಂದು ಬೀಳುತ್ತದೆ, ಪೆಟ್ಟು ಕಣಕಾಲಿಗೆ. ಸ್ಪೀಡ್ 8ಕ್ಕೆ ಇಟ್ಟು, 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ಬಿತ್ತು ಎಣಿಸಿ. 38 ಬಂದರೆ, ಅದೇ ಸ್ಪೀಡಿನಲ್ಲಿ 40ಕ್ಕೆ ತನ್ನಿ. ಹೆಜ್ಜೆ ತಾನಾಗಿ ಗಿಡ್ಡವಾಗುತ್ತದೆ, ಬೆಲ್ಟಿನ ಸದ್ದೂ ಇಳಿಯುತ್ತದೆ. ಇನ್‌ಕ್ಲೈನ್, ಅಂದರೆ ಬೆಲ್ಟಿನ ಏರು, 0–1 ಸಾಕು. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಲು ಗಂಟೆಗೆ ಸುಮಾರು 15 ಕಿ.ಮೀ. ವೇಗ ಬೇಕು, ನಿಜ. ಆದರೆ ನೋವಿರುವ ಕಾಲಿಗೆ ಆ ಸ್ಪೀಡ್ ಹಚ್ಚಬೇಡಿ.

30 ನಿಮಿಷ ಬಿರುಸಾಗಿ ನಡೆದರೂ ನೋವಿಲ್ಲ ಎಂದಾದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ, ದಿನ ಬಿಟ್ಟು ದಿನ. ಮುಂದೆ ವಾರಕ್ಕೆ ಶೇ. 10ರಷ್ಟು ಹೆಚ್ಚಿಸಿ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲಿಟ್ಟಾಗ ನೋವೆನಿಸಿದರೆ ಒಂದು ಹಂತ ಹಿಂದೆ ಬನ್ನಿ.

ಜೊತೆಗೆ ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ: ಮೊಣಕಾಲು ನೇರವಿಟ್ಟು 15, ಸ್ವಲ್ಪ ಬಗ್ಗಿಸಿ 15, ಮೂರು ಸುತ್ತು. ಬಗ್ಗಿಸಿ ಮಾಡುವುದನ್ನು ಬಹಳ ಜನ ಬಿಡುತ್ತಾರೆ. ಓಡುವಾಗ ಹೆಚ್ಚಿನ ಭಾರ ಹೊರುವ ಮೀನಖಂಡದ ಒಳಸ್ನಾಯು ಗಟ್ಟಿಯಾಗಲು ಅದು ನೆರವಾಗುತ್ತದೆ.

ಶೂಗಳನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿ ಭಾಗ ಒಳಕ್ಕೆ ವಾಲಿದ್ದರೆ, ಅಥವಾ 500–800 ಕಿ.ಮೀ. ಓಡಿದ್ದರೆ, ಬದಲಿಸಿ.