‘ಏನೂ ಗೊತ್ತಾಗಲ್ಲ’ ಅಂತ ಈಗ ಹೇಳುವುದಿಲ್ಲ

ಅರಿವಳಿಕೆ ಕೊಡುವ ಕೆಲಸಕ್ಕೆ ಬಂದ ಹೊಸತರಲ್ಲಿ ಎಲ್ಲರಿಗೂ ನನ್ನದು ಒಂದೇ ಪಾಠ: “ಬೆನ್ನಿಗೆ ಒಂದು ಇಂಜೆಕ್ಷನ್ ಅಷ್ಟೇ, ಆಮೇಲೆ ಏನೂ ಗೊತ್ತಾಗಲ್ಲ.” ಒಂದು ದಿನ ಸಿಸೇರಿಯನ್ ನಡೆಯುತ್ತಿದ್ದಾಗ ಚೊಚ್ಚಲ ಬಸುರಿಯೊಬ್ಬರು ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, “ಡಾಕ್ಟ್ರೇ, ಗೊತ್ತಾಗ್ತಿದೆ, ಒಳಗೆ ಎಳೀತಿದಾರೆ!” ಅಂತ ಕೂಗಿಕೊಂಡರು. ನೋವಾಗ್ತಿದೆಯಾ ಅಂದೆ. ಇಲ್ಲ, ನೋವಿಲ್ಲ. ಆದರೆ ಮುಖ ಬೆವೆತಿತ್ತು, ನಾಡಿ ಓಡುತ್ತಿತ್ತು. ಔಷಧಿ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ತಪ್ಪಿದ್ದು ನನ್ನ ಮಾತು. ನೋವು ಹೊರುವ ಸಣ್ಣ ನರಗಳು ಬೇಗ ಸುಮ್ಮನಾಗುತ್ತವೆ. ಸ್ಪರ್ಶ, ಒತ್ತಡ ತಿಳಿಸುವ ದಪ್ಪ ನರಗಳು ಮೊಂಡು, ಪೂರ್ತಿ ಮಲಗುವುದೇ ಇಲ್ಲ.

ಬೆನ್ನಿನ ಇಂಜೆಕ್ಷನ್ ಅರ್ಧಕ್ಕರ್ಧ ಗೆಲ್ಲುವುದು ಕೂರಿಸುವುದರಲ್ಲೇ. “ಬಗ್ಗಿ” ಅಂದರೆ ಎಲ್ಲರೂ ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳುವವರ ಹಾಗೆ ಸೊಂಟದಿಂದ ಮುಂದಕ್ಕೆ ಬಾಗುತ್ತಾರೆ, ಬೆನ್ನು ಮಾತ್ರ ಹಲಗೆಯಂತೆ ನೆಟ್ಟಗೇ ಇರುತ್ತದೆ. ಹಾಗಾಗಿ ಆ ಪದವನ್ನೇ ಬಿಟ್ಟೆ. ದಿಂಬು ತಬ್ಬಿಸಿ, ಗದ್ದ ಎದೆಗೆ ತಾಗಿಸಿ, ಸೊಂಟದ ನಡುವೆ ಬೆರಳಿಟ್ಟು, “ಈ ಬೆರಳನ್ನ ಬೆನ್ನಿಂದ ಹಿಂದಕ್ಕೆ ತಳ್ಳಿ” ಅನ್ನುತ್ತೇನೆ. ಆಗ ಮೂಳೆಗಳ ನಡುವಿನ ಸಂದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸೂಜಿ ಬೆನ್ನುಹುರಿಗೇ ಚುಚ್ಚಿ ಕಾಲು ಬಿದ್ದುಹೋದರೆ ಅನ್ನುವ ಹೆದರಿಕೆ ಬಹಳ ಜನರಿಗಿದೆ. ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ 1 ಮತ್ತು 2ನೇ ಕಶೇರುಗಳ, ಅಂದರೆ ಬೆನ್ನುಮೂಳೆಯ ಬಿಲ್ಲೆಗಳ, ಮಟ್ಟದಲ್ಲೇ ಮುಗಿಯುತ್ತದೆ. ನಾನು ಚುಚ್ಚುವುದು ಅದರ ಕೆಳಗೆ, 3–4 ಅಥವಾ 4–5ರ ನಡುವೆ. ಅಲ್ಲಿರುವುದು ದ್ರವದಲ್ಲಿ ತೇಲುವ ನರಗಳ ಎಳೆಗಳು. ಸೂಜಿ ಆ ಎಳೆಗಳಿಗೆ ತಾಗಿದರೆ ಕಾಲಿಗೆ ಕರೆಂಟ್ ಹೊಡೆದ ಹಾಗಾಗುತ್ತದೆ. ಹಾಗಂದ ತಕ್ಷಣ ನಿಲ್ಲಿಸಿ ಹಿಂದಕ್ಕೆ ತೆಗೆಯುತ್ತೇನೆ, ಆ ಜಾಗದಲ್ಲಿ ಔಷಧಿ ಬಿಡುವ ಮಾತೇ ಇಲ್ಲ.

ಸೂಜಿ ಒಳಹೋಗುವಾಗ ಬೆರಳಿಗೆ ಮೊದಲು ಸಿಗುವುದು ಚರ್ಮದ ಮೆದು, ಆಮೇಲೆ ತೊಗಲಿನ ಪಟ್ಟಿಗೆ ದಬ್ಬಳ ಹಾಕಿದಂಥ ಬಿಗಿ, ಕೊನೆಗೆ ಒಂದು ಸಣ್ಣ ‘ಟಕ್’. ಸೂಜಿಯೊಳಗಿನ ತಂತಿ ಎಳೆದು ಕಾಯಬೇಕು. ತೆಳು ಸೂಜಿಯಲ್ಲಿ ದ್ರವ ಓಡಿ ಬರುವುದಿಲ್ಲ. ಬುಡದಲ್ಲಿ ತಿಳಿನೀರಿನಂಥ ಹನಿ ಮೂಡುವವರೆಗಿನ ಆ ಕೆಲವು ಸೆಕೆಂಡು ಇಷ್ಟು ವರ್ಷವಾದರೂ ನನಗೆ ಉದ್ದವೇ. ಸೊಂಟದ ಹತ್ತಿರ ಮೂಳೆ ಮುರಿದುಕೊಂಡ ಹಿರಿಯರೊಬ್ಬರಿಗೆ ಮೂರು ಸಲವೂ ಮೂಳೆಯೇ ಎದುರಾಯಿತು. ನಾಲ್ಕನೆಯದಕ್ಕೂ ಅದೇ ಜಾಗಕ್ಕೆ ಹಟ ಹಿಡಿಯದೆ, ನಡುಗೆರೆಯಿಂದ ಒಂದು ಬೆರಳು ಪಕ್ಕಕ್ಕೆ ಸರಿದು ಓರೆಯಾಗಿ ಹೋದೆ. ಹನಿ ಬಂತು.

ಔಷಧಿ 0.5% ಹೆವಿ ಬುಪಿವಕೇನ್, ಸಿಸೇರಿಯನ್‌ಗೆ ಸುಮಾರು 2 ಮಿ.ಲೀ. ಗ್ಲೂಕೋಸ್ ಬೆರೆತಿರುವುದರಿಂದ ಬೆನ್ನಿನ ದ್ರವಕ್ಕಿಂತ ಭಾರ, ತಗ್ಗಿರುವ ಕಡೆ ಇಳಿಯುತ್ತದೆ. ಹಾಗಾಗಿ ಟೇಬಲ್ ಎತ್ತ ಓರೆಯಾಗಿದೆ ಅನ್ನುವುದೂ ಲೆಕ್ಕ. ಸ್ಪಿರಿಟ್ ಹತ್ತಿ ಮುಟ್ಟಿಸಿ, ಎದೆಯ ಮಟ್ಟದವರೆಗೆ ತಣ್ಣಗಿನ ಅನುಭವ ಇಲ್ಲವಾಗಿದೆಯೇ ಎಂದು ನೋಡದೆ ಕತ್ತರಿ ಆಡಿಸಲು ಬಿಡುವುದಿಲ್ಲ. ಜೊತೆಗೇ ರಕ್ತನಾಳಗಳು ಸಡಿಲಾಗಿ ಬಿಪಿ ಇಳಿಯುತ್ತದೆ. “ಡಾಕ್ಟ್ರೇ, ವಾಂತಿ ಬರೋ ಹಾಗಿದೆ” ಅಂದರೆ ಮಾನಿಟರ್ ಹೇಳುವ ಮೊದಲೇ ನನ್ನ ಕೈ ಬಿಪಿ ಏರಿಸುವ ಫಿನೈಲೆಫ್ರಿನ್ ಸಿರಿಂಜಿಗೆ ಹೋಗಿರುತ್ತದೆ. ಬಸುರಿಯಾದರೆ ಎಡಕ್ಕೆ ಕೊಂಚ ವಾಲಿಸಿರುತ್ತೇನೆ, ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳದಿರಲಿ ಅಂತ.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಕೊನೆಯ ಗುಳಿಗೆ ಯಾವಾಗ ಅಂತ ಕೇಳದೆ ಸೂಜಿ ಮುಟ್ಟುವುದಿಲ್ಲ. ರೋಗಿ ಬೇಡ ಅಂದರೂ ಮುಗಿಯಿತು, ಒಪ್ಪಿಸಲು ಹೋಗುವುದಿಲ್ಲ.

ಈ ಇಂಜೆಕ್ಷನ್ ಆದಮೇಲೆ ಕೆಲವರಿಗೆ ಬರುವ ತಲೆನೋವಿನ ವಿಷಯ ನನಗೂ ಚುಚ್ಚುತ್ತದೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಕೊಕೇನ್ ಬಳಸಿ ಈ ವಿಧಾನ ಶುರುಮಾಡಿ, ತಮ್ಮ ಬೆನ್ನಿಗೇ ಚುಚ್ಚಿಸಿಕೊಂಡು ದಿನಗಟ್ಟಲೆ ತಲೆನೋವಿನಿಂದ ಮಲಗಿದ್ದರು. ಕೂತರೆ ಸಿಡಿಯುವ, ಮಲಗಿದರೆ ಇಳಿಯುವ ನೋವು ಅದು. ಸೂಜಿ ಮಾಡಿದ ತೂತಿನಿಂದ ದ್ರವ ಸೋರುವುದರ ಫಲ. ಮೊದಲ ವರ್ಷಗಳಲ್ಲಿ ಅಲಗಿನಂಥ ಮೊನೆಯ ದಪ್ಪ ಸೂಜಿ ಬಳಸಿ ಒಬ್ಬ ಬಾಣಂತಿಗೆ ನಾನೇ ಅದನ್ನು ತಂದಿಟ್ಟೆ. ಅವರು ಮಗುವಿಗೆ ಮಲಗಿಕೊಂಡೇ ಹಾಲು ಕೊಡಬೇಕಾಯಿತು. ಕೊನೆಗೆ ಅವರದೇ ರಕ್ತ ತೆಗೆದು ಆ ತೂತಿನ ಹತ್ತಿರ ಕೊಟ್ಟ ಮೇಲೆ ಎದ್ದು ಕೂತರು. ಅಂದಿನಿಂದ ಪೆನ್ಸಿಲ್ ಮೊನೆಯ, 25 ಅಥವಾ 27 ಗೇಜಿನ ತೆಳು ಸೂಜಿಯೇ.

ಈಗ ನಾನು ಹೇಳುವುದು ಹೀಗೆ: “ಕಾಲು ಮೊದಲು ಬಿಸಿಯಾಗುತ್ತೆ, ಆಮೇಲೆ ಭಾರ. ಮುಟ್ಟೋದು, ಒತ್ತೋದು, ಎಳೆಯೋದು ಗೊತ್ತಾಗುತ್ತೆ. ಕೊಯ್ದ ನೋವು ಗೊತ್ತಾಗಬಾರದು, ಗೊತ್ತಾದರೆ ತಕ್ಷಣ ಹೇಳಿ, ಬೇರೆ ದಾರಿ ಇದೆ.” ಮೊನ್ನೆ ಒಬ್ಬ ತಾಯಿ ಪರದೆಯ ಈಚೆ ಕಣ್ಣು ಮುಚ್ಚಿ ಮಲಗಿದ್ದರು. ಸರ್ಜನ್ ಹೊಟ್ಟೆ ಒತ್ತಿದಾಗ ಹುಬ್ಬು ಗಂಟಿಕ್ಕಿ, “ನೀವು ಹೇಳಿದ ಎಳೆತ ಇದೇನಾ?” ಅಂದರು. ಹೌದಮ್ಮ ಅಂದೆ. “ಸರಿ ಹಾಗಾದ್ರೆ,” ಅಂತ ಮತ್ತೆ ಕಣ್ಣು ಮುಚ್ಚಿದರು.