ಪೆಟ್ರೋಲ್ ಇಂಜಿನ್ ಇಳಿಸಿ ಮೋಟಾರು ಕೂರಿಸಿದ ನನ್ನ ಅನುಭವ

ಇಂಜಿನ್ ಕೈಕೊಟ್ಟ ಹಳೇ ಸಣ್ಣ ಕಾರೊಂದು ನನ್ನ ಹತ್ತಿರ ಇತ್ತು. ಬಾಡಿ ಗಟ್ಟಿಮುಟ್ಟಾಗಿತ್ತು, ಗೇರ್‌ಬಾಕ್ಸ್ ಚೆನ್ನಾಗಿತ್ತು, ತುಕ್ಕು ಹೆಚ್ಚೇನೂ ಇರಲಿಲ್ಲ. ಇಂಜಿನ್ ರಿಪೇರಿಗೆ ದುಡ್ಡು ಸುರಿಯುವ ಬದಲು ಕರೆಂಟಲ್ಲಿ ಓಡಿಸೋಣ ಅಂತ ಕೈ ಹಾಕಿದೆ. ರಜಾದಿನಗಳಲ್ಲಿ ಮಾತ್ರ ಕೆಲಸ, ಹಾಗಾಗಿ ಹನ್ನೊಂದು ತಿಂಗಳು ಹಿಡಿಯಿತು.

ಎಲ್ಲರೂ ಮೊದಲು ಕೇಳೋದು ಮೋಟಾರಿನ ಬಗ್ಗೆ. ನಾನು ಶುರು ಮಾಡಿದ್ದು ಬ್ಯಾಟರಿ ಲೆಕ್ಕದಿಂದ, ಯಾಕಂದ್ರೆ ಖರ್ಚು ಜಾಸ್ತಿ ಇರೋದೇ ಅಲ್ಲಿ. ನನ್ನ ದಿನದ ಓಡಾಟ 24 ಕಿಲೋಮೀಟರ್. ಹಗುರವಾದ ಕಾರು ಕಿಲೋಮೀಟರಿಗೆ 150 ವ್ಯಾಟ್‌-ಅವರ್ ತಿನ್ನುತ್ತದೆ ಅಂತ ಹಿಡಿದರೂ ದಿನಕ್ಕೆ 3.6 ಯೂನಿಟ್ ಆಯಿತು (ಸಾವಿರ ವ್ಯಾಟ್‌-ಅವರ್ ಅಂದ್ರೆ ಒಂದು ಯೂನಿಟ್). ಇನ್ನೂರು ಕಿಲೋಮೀಟರ್ ಓಡಬೇಕು ಅನ್ನುವ ಆಸೆ ಬಿಟ್ಟ ಮೇಲೆಯೇ ಬಜೆಟ್ ನನ್ನ ಹಿಡಿತಕ್ಕೆ ಬಂತು.

ಲೆಡ್ ಆಸಿಡ್ ಬ್ಯಾಟರಿ ಅಗ್ಗ ಅನ್ನಿಸುತ್ತದೆ. ಆದರೆ ನನಗೆ ಬೇಕಾದ ಶಕ್ತಿಗೆ ಇನ್ನೂರು ಕಿಲೋಗೂ ಜಾಸ್ತಿ ತೂಕ ಹೊರಬೇಕಿತ್ತು. ಮೇಲಾಗಿ ಜೋರಾಗಿ ಕರೆಂಟ್ ಎಳೆದಷ್ಟೂ ಅದು ಕೊಡುವ ಒಟ್ಟು ಶಕ್ತಿ ಕಮ್ಮಿಯಾಗುತ್ತದೆ. ಅದಕ್ಕೇ ಗುಜರಿಗೆ ಹೋದ ಮೊದಲ ತಲೆಮಾರಿನ ನಿಸ್ಸಾನ್ ಲೀಫ್ ಎಲೆಕ್ಟ್ರಿಕ್ ಕಾರಿನ ಮಾಡ್ಯೂಲ್‌ಗಳನ್ನು, ಅಂದ್ರೆ ಕೆಲವು ಲಿಥಿಯಂ ಸೆಲ್ ಸೇರಿಸಿದ ಬ್ಯಾಟರಿ ಕಟ್ಟುಗಳನ್ನು, ಹುಡುಕಿದೆ. ಆ ಕಾರಿನ 24 ಯೂನಿಟ್ ಹಿಡಿಯುವ ಬ್ಯಾಟರಿ ಪ್ಯಾಕಿನಲ್ಲಿ 48 ಮಾಡ್ಯೂಲ್ ಇರುತ್ತವೆ. ಒಂದೊಂದೂ ನಾಲ್ಕು ಕಿಲೋ ಒಳಗೆ. ನಾನು 16 ತಗೊಂಡೆ. ಹೊಸದಾಗಿದ್ದಾಗ ಅಷ್ಟಕ್ಕೆ 8 ಯೂನಿಟ್ ಹಿಡಿಯುತ್ತಿತ್ತು. ಒಂದೊಂದನ್ನೇ ಪೂರ್ತಿ ತುಂಬಿ, ಖಾಲಿ ಮಾಡಿ ಅಳೆದಾಗ ಉಳಿದಿದ್ದು ಸುಮಾರು 5.6. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಮಾತ್ರ ಬಳಸಿದರೂ ನನ್ನ ಓಡಾಟ ಮುಗಿದು ಸ್ವಲ್ಪ ಮಿಗುತ್ತದೆ. ಅಳೆಯದೆ ಮಾತ್ರ ಹಳೇ ಸೆಲ್ ಜೋಡಿಸಬೇಡಿ. ಸಾಲಾಗಿ ಜೋಡಿಸಿದ ಪ್ಯಾಕಿನಲ್ಲಿ ಎಲ್ಲಕ್ಕಿಂತ ಸೊರಗಿದ ಸೆಲ್ ಎಷ್ಟು ಕೊಡುತ್ತದೋ ಇಡೀ ಪ್ಯಾಕ್ ಅಷ್ಟೇ ಕೊಡೋದು.

ಮೋಟಾರು ಹಳೇ ಫೋರ್ಕ್‌ಲಿಫ್ಟಿನದು. ಎಂಟು ಇಂಚಿನ ಡಿಸಿ ಸೀರೀಸ್ ಮೋಟಾರು, ಬ್ರಷ್ ಇರುವಂಥದ್ದು. ಇದರಲ್ಲಿ ಬ್ರೇಕ್ ಹಾಕಿದಾಗ ಕರೆಂಟ್ ವಾಪಸ್ ಬರೋದಿಲ್ಲ. ಆದರೆ ಕಡಿಮೆ ದುಡ್ಡಿಗೆ ಇಷ್ಟು ಎಳೆತ ಬೇರೆ ಯಾವುದರಲ್ಲೂ ನನಗೆ ಸಿಗಲಿಲ್ಲ. ಒಂದು ಎಚ್ಚರ ಇರಲಿ. ಸೀರೀಸ್ ಮೋಟಾರನ್ನು ಲೋಡ್ ಇಲ್ಲದೆ ಪೂರ್ತಿ ವೋಲ್ಟೇಜಿನಲ್ಲಿ ಓಡಿಸಬಾರದು. ವೇಗ ಏರುತ್ತಲೇ ಹೋಗಿ ಒಳಗಿನ ಸುರುಳಿ ಕಿತ್ತು ಬರುತ್ತದೆ. ಪರೀಕ್ಷೆಗೆ 12 ವೋಲ್ಟ್ ಸಾಕು. ಅದನ್ನೂ ಮೋಟಾರನ್ನು ಬಿಗಿಯಾಗಿ ಕಟ್ಟಿಯೇ ಮಾಡಿ.

ನನಗೆ ಅತಿ ಹೆಚ್ಚು ದಿನ ಹಿಡಿದಿದ್ದು ಮೋಟಾರನ್ನು ಗೇರ್‌ಬಾಕ್ಸಿಗೆ ಕೂಡಿಸುವ ಪ್ಲೇಟು. ಕ್ಲಚ್ ತೆಗೆದು ಹಾಕುವವರೂ ಇದ್ದಾರೆ. ನಾನು ಉಳಿಸಿಕೊಂಡೆ. ಏನಾದರೂ ಕೆಟ್ಟರೆ ಒಂದೇ ತುಳಿತಕ್ಕೆ ಮೋಟಾರು ಚಕ್ರದಿಂದ ಬಿಡಬೇಕು, ಅಲ್ವಾ? ಕ್ಲಚ್ ಉಳಿಸಿದರೆ ಒಂದು ಅಳತೆ ಪಕ್ಕಾ ಇರಬೇಕು. ಇಂಜಿನ್ ಗೇರ್‌ಬಾಕ್ಸಿಗೆ ಕೂರುವ ಮುಖದಿಂದ ಫ್ಲೈವೀಲಿನ (ಕ್ಲಚ್ ಒತ್ತಿಕೊಳ್ಳುವ ಭಾರದ ಚಕ್ರ) ಮುಖಕ್ಕೆ ಎಷ್ಟು ದೂರ ಇತ್ತೋ, ಮೋಟಾರು ಕೂತ ಮೇಲೂ ಅಷ್ಟೇ ಇರಬೇಕು. ಇಂಜಿನ್ ಇಳಿಸಿದ ಕೂಡಲೇ, ಏನನ್ನೂ ಬಿಚ್ಚುವ ಮೊದಲು, ನೇರ ಪಟ್ಟಿ ಅಡ್ಡ ಇಟ್ಟು ಮೂರು ಕಡೆ ಅಳೆದು ಬರೆದುಕೊಂಡೆ. ಆಮೇಲೆ ಗೇರ್‌ಬಾಕ್ಸಿನ ಮುಖಕ್ಕೆ ರಟ್ಟು ಒತ್ತಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬೋಲ್ಟ್ ತೂತುಗಳ ಗುರುತು ತೆಗೆದೆ. ಅದೇ ಗುರುತಿನ ಮೇಲೆ ಅಲ್ಯೂಮಿನಿಯಂ ಪ್ಲೇಟ್ ಕೊಯ್ದೆ. ಮೋಟಾರಿನ ಶಾಫ್ಟಿಗೆ ಫ್ಲೈವೀಲ್ ಹಿಡಿಸುವ ಹಬ್ ಮಾತ್ರ ಲೇತಿನಲ್ಲಿ ಮಾಡಿಸಿದೆ.

ಮೊದಲ ಸಲ ಕೂಡಿಸಿ 12 ವೋಲ್ಟಿನಲ್ಲಿ ತಿರುಗಿಸಿದಾಗ ಗೇರ್ ಲಿವರ್ ನಡುಗಿತು. ಡಯಲ್ ಗೇಜ್ ಇಟ್ಟು ನೋಡಿದರೆ ಫ್ಲೈವೀಲಿನ ಅಂಚು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಆಚೆ ಈಚೆ ಹೊಯ್ದಾಡುತ್ತಿತ್ತು. ಹಬ್ಬಿನ ಮುಖ ಸೊಟ್ಟಗಿತ್ತು. ಮತ್ತೆ ಬಿಚ್ಚಿ ಲೇತಿಗೆ ಕೊಟ್ಟೆ. ಎರಡನೇ ಸಲ ಗೇಜಿನ ಮುಳ್ಳು ಅಲುಗಿದ್ದೇ ಕಾಣಲಿಲ್ಲ. ಆ ದಿನದ ಖುಷಿ ಕಾರು ರಸ್ತೆಗಿಳಿದ ದಿನಕ್ಕಿಂತ ದೊಡ್ಡದು.

ಇನ್ನು ವೈರಿಂಗ್. ನಾನು ಎಡವಿದ್ದು ಇಲ್ಲೇ. ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರಿನ ಒಳಗೆ, ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳಿವೆ. ಮುಖ್ಯ ಕಾಂಟ್ಯಾಕ್ಟರ್ (ಕೀ ತಿರುಗಿಸಿದಾಗ ಬ್ಯಾಟರಿಯನ್ನು ಜೋಡಿಸುವ ದೊಡ್ಡ ಸ್ವಿಚ್) ಕೂಡುವ ಮೊದಲು, ಕರೆಂಟನ್ನು ತಡೆದು ಬಿಡುವ ಒಂದು ರೆಸಿಸ್ಟರ್ ಮೂಲಕ ಅವನ್ನು ನಿಧಾನವಾಗಿ ತುಂಬಿಸಬೇಕು. ಬರೀ ಪರೀಕ್ಷೆ ತಾನೇ ಅಂತ ರೆಸಿಸ್ಟರ್ ಹಾಕದೆ ಕೀ ತಿರುಗಿಸಿದೆ. ಠಪ್ ಅಂತ ಸದ್ದಾಯಿತು. ಕೀ ಆಫ್ ಮಾಡಿದರೂ ಕರೆಂಟ್ ನಿಲ್ಲಲಿಲ್ಲ. ಕಾಂಟ್ಯಾಕ್ಟರಿನ ತಾಮ್ರದ ಮುಖಗಳು ಬೆಸೆದುಕೊಂಡು ಬಿಟ್ಟಿದ್ದವು. ಕಾರು ಸ್ಟ್ಯಾಂಡಿನ ಮೇಲಿತ್ತು, ಕೈಗೆ ಎಟಕುವ ಹಾಗೆ ಬೇರೊಂದು ಬ್ರೇಕರ್ ಇತ್ತು. ಅದನ್ನು ಎಳೆದೆ. ಆ ಬ್ರೇಕರ್ ಬೇಕಾ ಬೇಡವಾ ಅಂತ ಹಿಂದಿನ ವಾರವಷ್ಟೇ ಯೋಚಿಸುತ್ತಿದ್ದೆ.

ಅದಕ್ಕೇ ಹೇಳ್ತೀನಿ, ಮೋಟಾರು ಹಳೇದು ತನ್ನಿ, ಪ್ಲೇಟು ಕೈಯಲ್ಲೇ ಕೊಯ್ಯಿರಿ, ಬ್ಯಾಟರಿ ಪೆಟ್ಟಿಗೆ ನೀವೇ ಬೆಸುಗೆ ಹಾಕಿ. ಫ್ಯೂಸು, ಕಾಂಟ್ಯಾಕ್ಟರು, ಕೇಬಲ್ಲು, ಬಿಎಂಎಸ್ (ಬ್ಯಾಟರಿಯ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್) ಇವುಗಳಲ್ಲಿ ಮಾತ್ರ ಒಂದು ಪೈಸೆ ಉಳಿಸಬೇಡಿ. ಫ್ಯೂಸ್ ಡಿಸಿಗೆ ಅಂತಲೇ ಮಾಡಿದ್ದಾಗಿರಬೇಕು. ಎಸಿ ಕರೆಂಟ್ ಸೆಕೆಂಡಿಗೆ ಎಷ್ಟೋ ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆ ಅವಕಾಶವೇ ಇಲ್ಲ, ಮಾಮೂಲಿ ಫ್ಯೂಸ್ ಕರಗಿದ ಮೇಲೂ ಕಿಡಿ ಉರಿಯುತ್ತಲೇ ಇರಬಹುದು. ನನ್ನ ಪ್ಯಾಕ್ ತುಂಬಿದಾಗ 131 ವೋಲ್ಟ್. ಜೀವ ತೆಗೆಯಲು ಅದು ಸಾಕು. ಉಂಗುರ, ವಾಚು ತೆಗೆದಿಟ್ಟು, ರಬ್ಬರ್ ಗ್ಲೌಸ್ ಹಾಕಿ, ಸ್ಪ್ಯಾನರಿಗೆ ಟೇಪ್ ಸುತ್ತಿಕೊಂಡೇ ಕೆಲಸ ಮಾಡಿದೆ. ಕೆಲಸದ ನಡುವೆ ಪೂರ್ತಿ ವೋಲ್ಟೇಜ್ ಕೈಗೆ ತಾಗದಿರಲಿ ಅಂತ ಪ್ಯಾಕಿನ ಎರಡು ಅರ್ಧಗಳನ್ನು ಜೋಡಿಸುವ ಪಟ್ಟಿಯನ್ನು ಕೊನೆಗೆ ಹಾಕಿದೆ.

ಬ್ರೇಕ್ ಮರೆಯಬೇಡಿ. ಪೆಡಲ್ ತುಳಿಯುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತ ಕೊಡುತ್ತಿದ್ದದ್ದು ಇಂಜಿನ್. ಅದು ಹೋದ ಮೇಲೆ ಪೆಡಲ್ ಕಲ್ಲಿನ ಹಾಗಾಯಿತು. ಗುಜರಿಯಿಂದ ತಂದ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪು, ಒಂದು ಸಣ್ಣ ಟ್ಯಾಂಕು ಹಾಕಿ ಸರಿ ಮಾಡಿದೆ. ಲೈಟು, ಹಾರ್ನು, ವೈಪರಿಗೆ 12 ವೋಲ್ಟ್ ಕೊಡಲು ಡಿಸಿ-ಡಿಸಿ ಕನ್ವರ್ಟರ್ ಹಾಕಿದೆ.

ಈಗ ಹೆಚ್ಚಾಗಿ ಎರಡನೇ ಗೇರಿನಲ್ಲೇ ಓಡಿಸುತ್ತೇನೆ, ಖಾಲಿ ರಸ್ತೆಯಲ್ಲಿ ಮೂರು. ನಿಂತಾಗ ಮೋಟಾರೂ ನಿಲ್ಲುವುದರಿಂದ ಹೊರಡುವಾಗ ಕ್ಲಚ್ ಬೇಕಾಗಲ್ಲ. ಇಂಜಿನ್ ಸದ್ದು ಇಲ್ಲದ ಕಾರಣ ಗೇರ್‌ಬಾಕ್ಸಿನ ಗುಂಯ್ ಸದ್ದು ಕೇಳುತ್ತದೆ, ಅದು ಮೊದಲೂ ಇದ್ದದ್ದೇ. ಮೀಟರ್ ಲೆಕ್ಕದಲ್ಲಿ ಕಿಲೋಮೀಟರಿಗೆ 130 ವ್ಯಾಟ್‌-ಅವರ್ ಬರುತ್ತಿದೆ. ಇಂಜಿನ್ ಬಿಸಿ ಇಲ್ಲದೆ ಗಾಜಿನ ಮಂಜು ಹೋಗುವುದಿಲ್ಲ. ಹಳೇ ಹೀಟರ್ ಬಿಚ್ಚಿಟ್ಟಿದ್ದೇನೆ, ಆ ಜಾಗಕ್ಕೆ ಸೆರಾಮಿಕ್ ಹೀಟರ್ ಕೂರಿಸುವ ಕೆಲಸ ನಡೆದಿದೆ.