ಕರಡಿನ ಕೊನೆಯ ಪ್ಯಾರಾ ಮೊದಲಿಗೆ ಬರಲಿ

ಕಾಲೇಜಿನ ಪ್ರಬಂಧಕ್ಕೆ 1,000 ಪದದ ಮಿತಿ ಕೊಟ್ಟರೆ ಮೊದಲ ಕರಡನ್ನು 1,400ರವರೆಗೆ ಹರಿಯಲು ಬಿಡುತ್ತೇನೆ. ಕಡಿಯಲಿಕ್ಕೆ ಏನಾದರೂ ಬೇಕಲ್ಲ! ಆ ಹಂತದಲ್ಲಿ ಕಾಗುಣಿತ ನೋಡುವುದಿಲ್ಲ. ನಾಳೆ ಹೊಡೆದುಹಾಕುವ ವಾಕ್ಯದ ಒತ್ತಕ್ಷರವನ್ನು ಇವತ್ತು ತಿದ್ದಿ ಪ್ರಯೋಜನವಿಲ್ಲ. ಆದರೆ ಇಸವಿ ಬಂದಲ್ಲೆಲ್ಲ ಪುಸ್ತಕದ ಪುಟಸಂಖ್ಯೆಯನ್ನು ಆಗಲೇ ಪಕ್ಕದಲ್ಲಿ ಗುರುತು ಹಾಕುತ್ತೇನೆ. ಆಮೇಲೆ ಹುಡುಕಲು ಹೋದರೆ ಅರ್ಧ ದಿನ ಅದಕ್ಕೇ ಬೇಕು.

ಮಂಗಳೂರು ಹಂಚಿನ ಬಗ್ಗೆ ನಾನು ಬರೆದ ಪ್ರಬಂಧವನ್ನೇ ನೋಡಿ. ಕರಡು ಶುರುವಾದದ್ದು ‘ಕರಾವಳಿಯು ಪ್ರಕೃತಿ ಸೌಂದರ್ಯದ ತವರು’ ಎಂದು. ಇಂಥ ವಾಕ್ಯ ಭಾಷಣಕ್ಕೆ ಮೊದಲು ಗಂಟಲು ಸರಿಮಾಡಿಕೊಂಡ ಹಾಗೆ. ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಮುಂದೆ 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆ, ನೇತ್ರಾವತಿ ದಂಡೆಯ ಆವೆಮಣ್ಣು ಎಲ್ಲ ಇತ್ತು, ವಾದ ಮಾತ್ರ ಇರಲಿಲ್ಲ. ಅದು ಸಿಕ್ಕಿದ್ದು ಕೊನೆಯ ಪ್ಯಾರಾದಲ್ಲಿ: ಮುಳಿಹುಲ್ಲಿನ ಮಾಡಿಗೆ (ಚಾವಣಿಗೆ) ಮತ್ತೆ ಮತ್ತೆ ಹುಲ್ಲು ಹೊದೆಸುವ ಕೆಲಸ ಹಂಚಿನಿಂದ ತಪ್ಪಿತು, ಆದರೆ ಹಂಚಿನ ಭಾರಕ್ಕೆ ಪಕ್ಕಾಸು, ರೀಪು ಎಂದು ಮರದ ಖರ್ಚು ಬಂತು, ಮನೆ ಕಟ್ಟುವ ಲೆಕ್ಕವೇ ಬದಲಾಯಿತು. ಬರೆಯುತ್ತಾ ಬರೆಯುತ್ತಾ ತಲೆ ಓಡುವುದರಿಂದ ವಾದ ಹೀಗೆ ಕೊನೆಗೇ ಸಿಗುವುದು ಹೆಚ್ಚು. ಅದನ್ನು ಎತ್ತಿ ಮೊದಲ ಪ್ಯಾರಾಕ್ಕೆ ತರಬೇಕು.

ತಂದ ಮೇಲೆ ಪ್ರತಿ ಪ್ಯಾರಾದ ಅಂಚಿನಲ್ಲಿ ಅದು ಏನು ಹೇಳುತ್ತದೆಂದು ಪೆನ್ಸಿಲ್‌ನಲ್ಲಿ ಐದಾರು ಪದ ಬರೆಯುತ್ತೇನೆ. ಬರೆಯಲಾಗದಿದ್ದರೆ ಆ ಪ್ಯಾರಾದಲ್ಲಿ ವಿಷಯ ಇಲ್ಲ. ಎರಡು ಕಡೆ ಅದೇ ಟಿಪ್ಪಣಿ ಬಂದರೆ ಕೂಡಿಸುವುದು. ಸಂಕಟ ಮೂರನೆಯ ಜಾತಿಯದು: ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದದ್ದು, 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ, 1894ರ ಕಿಟೆಲ್ ನಿಘಂಟು. ಎಲ್ಲವೂ ನಿಜ, ಓದಲೂ ಚೆಂದ, ಆದರೆ ಮಾಡಿನ ಖರ್ಚಿಗೂ ಇವಕ್ಕೂ ಸಂಬಂಧವಿಲ್ಲ. ಹೋಗಲೇಬೇಕು. ಹೆಚ್ಚಾದ 400 ಪದದಲ್ಲಿ ಬಹುಪಾಲು ಕರಗುವುದು ಇಲ್ಲಿಯೇ.

ಉಪನ್ಯಾಸಕರು ಅಂಚಿನಲ್ಲಿ ‘ವಿವರಿಸಿ’ ಎಂದು ಬರೆದರೆ ಹೆಚ್ಚಿನವರು ವಿಶೇಷಣ ಸೇರಿಸುತ್ತಾರೆ. ಅವರು ಕೇಳುವುದು ಸಾಮಾನ್ಯವಾಗಿ ಕಾರಣವನ್ನು. ಆ ವಾಕ್ಯದ ಮುಂದೆ ‘ಯಾಕೆಂದರೆ’ ಎಂದು ಬರೆದು ಮುಂದುವರಿಸಿ ನೋಡಿ.

ಭಾಷೆ ತಿದ್ದಲು ಗಟ್ಟಿಯಾಗಿ ಓದಿದರೆ ಸಾಕು. ಕ್ರಿಯಾಪದ ಕೊನೆಗೆ ಬರುವ ಕಾರಣ ಇಪ್ಪತ್ತೈದು ಪದದ ವಾಕ್ಯದಲ್ಲಿ ಕರ್ತೃ ಮರೆತೇಹೋಗಿರುತ್ತದೆ, ಅಲ್ಲಿ ಮುರಿಯಿರಿ. ‘ಸ್ಥಾಪಿಸಲಾಯಿತು’ ಇದ್ದಲ್ಲೆಲ್ಲ ಯಾರು ಸ್ಥಾಪಿಸಿದ್ದೆಂದು ಕೇಳಿ, ಹೆಸರು ಹಾಕಿ.

ಇನ್ನು ಪ್ರಿಂಟು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟು ಇಲ್ಲದ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಬರೀ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿಕೊಂಡೇ ಹೋಗಿ. ಮೊದಲು ಒಂದು ಪುಟ ತೆಗೆಸಿ ಒತ್ತಕ್ಷರ ನೋಡಿಕೊಂಡು ಉಳಿದದ್ದನ್ನು ಕೊಡಿ.